ತಮ್ಮದೇ ಪೂರ್ಣ ಎಂದವರೆಲ್ಲ ಉಳಿದವರನ್ನು ನರಕಕ್ಕೆ ಅಟ್ಟಿದರೇ?

ಕಥೋಲಿಕರು ತಮ್ಮದೊಂದೇ ನಿಜವಾದ ಧರ್ಮಸಭೆ ಎನ್ನುವುದರಿಂದ ಉಳಿದ ಕ್ರೈಸ್ತರು ಅವರ ಕಣ್ಣಿಗೆ ಕ್ರೈಸ್ತರೇ ಅಲ್ಲ, ಹೊರಗಿನವರಿಗೆ ಮೋಕ್ಷವೂ ಇಲ್ಲ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಮೊದಲ ಮಾತು ಸರಿ. ಕ್ರಿಸ್ತನ ಸಭೆ ಪೂರ್ಣವಾಗಿ ಉಳಿದಿರುವುದು ತಮ್ಮಲ್ಲಿ ಮಾತ್ರ ಎಂದು 2000ದಲ್ಲಿ ವ್ಯಾಟಿಕನ್ ಹೊರಡಿಸಿದ ‘ದೊಮಿನುಸ್ ಯೇಸುಸ್’ ಮುಚ್ಚುಮರೆಯಿಲ್ಲದೆ ಹೇಳಿದೆ. ಅದನ್ನು ತೇಲಿಸಿ ಮಾತಾಡುವ ಕಥೋಲಿಕ ಮಿತ್ರರ ಮೇಲೂ ನನಗೆ ತಕರಾರಿದೆ.

ಅಲ್ಲಿಂದ ಮುಂದಿನ ಜಿಗಿತಕ್ಕೆ ಮಾತ್ರ ಆಧಾರವಿಲ್ಲ. ಹೊರಗಿನವರಿಗೆ ಮೋಕ್ಷವೇ ಇಲ್ಲವೆಂದು ಹಟ ಹಿಡಿದ ಬಾಸ್ಟನ್ನಿನ ಪಾದ್ರಿ ಲಿಯೊನಾರ್ಡ್ ಫೀನಿಯ ವ್ಯಾಖ್ಯಾನವನ್ನು ರೋಮ್ 1949ರಲ್ಲೇ ತಳ್ಳಿಹಾಕಿತು. 1953ರಲ್ಲಿ ಅವರನ್ನೇ ಬಹಿಷ್ಕರಿಸಿತು (ಕರೆದರೂ ಹೋಗದ ಅವಿಧೇಯತೆಗಾಗಿ ಎನ್ನಿ). ತಮ್ಮ ತಪ್ಪಿಲ್ಲದೆ ಶುಭಸಂದೇಶ ಅರಿಯದವರೂ ರಕ್ಷಣೆ ಹೊಂದಬಹುದೆಂದು 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೇ ಬರೆದಿಟ್ಟಿತು.

‘ಕ್ರೈಸ್ತರೇ ಅಲ್ಲ’ ಎಂಬ ಆರೋಪ ಆಚರಣೆಯ ಮುಂದೆ ನಿಲ್ಲುವುದಿಲ್ಲ. ಮಂಗಳೂರಿನ ಸಿಎಸ್‌ಐ ಸಭೆಯವರೊಬ್ಬರು ಕಥೋಲಿಕರಾದರೆ ಮತ್ತೆ ದೀಕ್ಷಾಸ್ನಾನ ಕೊಡುವುದಿಲ್ಲ. ತ್ರಿಯೇಕ ದೇವರ ಹೆಸರಲ್ಲಿ, ನೀರಿನಿಂದ ಒಮ್ಮೆ ಆಗಿದ್ದರೆ ಸಾಕು. ಆರ್ಥೊಡಾಕ್ಸರ ಸಂಸ್ಕಾರಗಳನ್ನಂತೂ ರೋಮ್ ಸಿಂಧುವೆಂದೇ ಒಪ್ಪುತ್ತದೆ. ಆ ಆರ್ಥೊಡಾಕ್ಸರೂ ತಮ್ಮದೇ ಏಕೈಕ ನಿಜಸಭೆ ಎನ್ನುತ್ತಾರಲ್ಲ, ಲೇಖಕರು ಅತ್ತ ತಿರುಗಿಯೂ ನೋಡಿಲ್ಲವೇಕೆ?