ಗಿಟಾರಿನಲ್ಲಿ ಸರಳೆ ವರಸೆ

ನಮ್ಮ ಮಾಟುಂಗ, ಮುಲುಂಡ, ಡೊಂಬಿವಲಿಯ ಮನೆಗಳಲ್ಲಿ ಮಕ್ಕಳು ಗಿಟಾರು ಬೇಕೆಂದು ಹಟ ಹಿಡಿಯುತ್ತಾರೆ. ಧೋಬಿ ತಲಾವಿನಿಂದ ವಾದ್ಯವೇನೋ ಬರುತ್ತದೆ. ಎರಡು ತಿಂಗಳಲ್ಲಿ ಕಪಾಟಿನ ಮೇಲೇರಿ ಧೂಳು ತಿನ್ನುತ್ತದೆ. ಪರದೇಶದ ವಾದ್ಯ ನಮಗೇಕೆಂದು ಅಜ್ಜಿಯ ಗೊಣಗಾಟ ಬೇರೆ. ಅಜ್ಜಿ ಮೊಮ್ಮಕ್ಕಳಿಗೆ ನಾವು ಹೇಳುವುದಿಷ್ಟೆ: ನಿಮ್ಮಿಬ್ಬರ ಮೊದಲ ಪಾಠ ಬಹುಮಟ್ಟಿಗೆ ಒಂದೇ.

ಗಿಟಾರಿನ ಮಾಸ್ತರರು ಸಾಮಾನ್ಯವಾಗಿ ಮೊದಲು ಕಲಿಸುವುದು 'ಸಿ ಮೇಜರ್' ಎಂಬ ಸ್ವರಶ್ರೇಣಿಯನ್ನು. ಮೈಸೂರು ಕಡೆಯವರಿಗೆ ಅವು ಶಂಕರಾಭರಣದ ಸ್ವರಗಳು. ಧಾರವಾಡದವರಿಗೆ ಬಿಲಾವಲ್ ಥಾಟ್. ರಾಗಗಳನ್ನು ಹತ್ತು ಥಾಟುಗಳಲ್ಲಿ ವಿಂಗಡಿಸಿದ ಪಂಡಿತ ಭಾತಖಂಡೆಯವರು 1860ರಲ್ಲಿ ಹುಟ್ಟಿದ್ದು ನಮ್ಮ ಮುಂಬಯಿಯ ವಾಲ್ಕೇಶ್ವರದಲ್ಲಿಯೇ.

ನುಡಿಸುವ ಕ್ರಮ ಹೀಗೆ. ತೀರ ತೆಳುವಾದ ತಂತಿಯಿಂದ ಎಣಿಸಿರಿ. ಲೋಹದ ಮೆಟ್ಟುಗಳ ನಡುವಿನ ಜಾಗವನ್ನು ಮನೆ ಎನ್ನೋಣ. 5ನೆಯ ತಂತಿಯ 3ನೆಯ ಮನೆಯಲ್ಲಿ ಉಂಗುರದ ಬೆರಳಿಟ್ಟರೆ ಸ. 4ನೆಯ ತಂತಿಯನ್ನು ಒತ್ತದೆ ಮೀಟಿದರೆ ರಿ. ಅದರ 2ನೆಯ ಮನೆಯಲ್ಲಿ ನಡುಬೆರಳು ಗ, 3ನೆಯದರಲ್ಲಿ ಉಂಗುರದ ಬೆರಳು ಮ. 3ನೆಯ ತಂತಿ ಒತ್ತದೆ ಪ. 2ನೆಯ ಮನೆ ಧ. 2ನೆಯ ತಂತಿ ಒತ್ತದೆ ನಿ. ಮೊದಲ ಮನೆಯಲ್ಲಿ ತೋರುಬೆರಳಿಟ್ಟರೆ ಮೇಲಿನ ಸ.

ಅಜ್ಜಿ ಕಲಿತ ಸರಳೆ ವರಸೆ ಮಾಯಾಮಾಳವಗೌಳದ್ದು. ಪುರಂದರದಾಸರು ಹಾಕಿಕೊಟ್ಟ ಪಾಠವೆಂದು ಪರಂಪರೆ ಹೇಳುತ್ತದೆ. ವ್ಯತ್ಯಾಸ ಎರಡೇ ಸ್ವರಗಳಲ್ಲಿ: ರಿ ಮತ್ತು ಧ ಒಂದೊಂದು ಮನೆ ಇಳಿಯುತ್ತವೆ. ರಿಗೆ 5ನೆಯ ತಂತಿಯ 4ನೆಯ ಮನೆಯಲ್ಲಿ ಕಿರುಬೆರಳು. ಧಕ್ಕೆ 3ನೆಯ ತಂತಿಯ ಮೊದಲ ಮನೆಯಲ್ಲಿ ತೋರುಬೆರಳು. ಉಳಿದುದೆಲ್ಲ ಹಾಗೆಯೇ.

ಸಾಧನೆಗೂ ಸರಳೆಯ ಕ್ರಮವೇ ಲೇಸು. ಮೊದಲು ತಾಳದ ಒಂದು ಪೆಟ್ಟಿಗೆ ಒಂದು ಸ್ವರ; ತಪ್ಪಿಲ್ಲದೆ ಬಂದ ಮೇಲೆ ಎರಡು, ಆಮೇಲೆ ನಾಲ್ಕು. ಬಾಯಲ್ಲಿ ಸ್ವರ ಹಾಡುತ್ತಲೇ ಕೈ ಮೀಟಲಿ. ಬೆರಳು ಮೆಟ್ಟಿನ ಮೇಲಲ್ಲ, ಅದರ ಹಿಂದೆ ಒತ್ತಿಕೊಂಡೇ ಇರಬೇಕು. ಮೊದಮೊದಲು ಬೆರಳ ತುದಿ ನೋಯುವುದು ಸಹಜ. ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಭಾನುವಾರ ಎರಡು ಗಂಟೆ ಗುದ್ದಾಡುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಮೇಲು.

ಆ ಹದಿನೈದು ನಿಮಿಷ ಅಜ್ಜಿ ಪಕ್ಕದಲ್ಲಿ ಕುಳಿತು ತಾಳ ಹಾಕಲಿ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ಮರಾಠಿ ಎಂದು ದಿನ ಕಳೆಯುವ ಮಗು, "ಅಜ್ಜೀ, ಈ ರಿ ಸರಿಯಾಯಿತೇ?" ಎಂದು ಕನ್ನಡದಲ್ಲಿ ಕೇಳಿದರೆ, ಕೊಂಡ ಗಿಟಾರು ಸಾರ್ಥಕವಾದಂತೆಯೇ ಸರಿ.