ಗಸಗಸೆಯ ಪೊಟ್ಟಣ

ನಮ್ಮ ತಮ್ಮನಿಗೆ ಸಿಂಗಪುರದಲ್ಲಿ ಕೆಲಸವಾಯಿತು. ಹೊರಡುವ ಹಿಂದಿನ ರಾತ್ರಿ ತಾಯಿಯವರು ಅವನ ಪೆಟ್ಟಿಗೆಯಲ್ಲಿ ಗಸಗಸೆಯ ಪೊಟ್ಟಣವಿಟ್ಟರು, ಹಬ್ಬದ ಪಾಯಸಕ್ಕೆಂದು. ಗುಮಾಸ್ತರಾದ ನಮಗೆ ನಿಯಮಾವಳಿ ಓದುವ ಚಟ. ಗಸಗಸೆ ಅಫೀಮಿನ ಗಿಡದ ಬೀಜ. ಆ ದೇಶದಲ್ಲಿ ಅದು ನಿಷಿದ್ಧ. ಹೇಳಿದೆವು. ತಾಯಿಯವರು ಪೊಟ್ಟಣ ತೆಗೆದು, "ಹಾಗಾದರೆ ನಮ್ಮದೆಂಬುದು ಅವನಿಗೆ ಅಲ್ಲಿ ಏನುಳಿಯಿತಪ್ಪಾ?" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

ಅಲ್ಲಿಯ ಅಧಿಕೃತ ಭಾಷೆಗಳು 4: ಮಲಯ, ಚೀನೀ, ತಮಿಳು, ಇಂಗ್ಲಿಷ್. ಕನ್ನಡವನ್ನು ಮನೆಯವರೇ ಉಳಿಸಿಕೊಳ್ಳಬೇಕು. ಮುಂಬಯಿಯಲ್ಲಿ ನಮ್ಮ ಪಾಡೂ ಅದೇ ಅಲ್ಲವೆ?

ಸಿಂಗಪುರದ ಗಡಿಯಾರ ನಮಗಿಂತ 2½ ಗಂಟೆ ಮುಂದು. ಭಾನುವಾರ ನಮಗೆ ಬೆಳಗಿನ 7, ಅವನಿಗೆ 9-30, ಆಗ ಫೋನು. "ಏನು ತಿಂದೆಯೋ?" ಎಂದು ತಾಯಿಯವರು ಕೇಳುತ್ತಾರೆ. ಅವನು ಕನ್ನಡದಲ್ಲೇ ಹೇಳುತ್ತಾನೆ. ಈ ಪೊಟ್ಟಣವನ್ನು ಯಾವ ಸುಂಕದವರೂ ತಡೆಯರು.