ಕೋಶದ ಹಿಂದಿನ ಮನೆ

ಗಡಿನಾಡಿನಲ್ಲಿ ಕನ್ನಡ ಪದದ ಅರ್ಥವನ್ನು ಅರಸುವವರಿಗೆ ಫರ್ಡಿನೆಂಡ್ ಕಿಟ್ಟೆಲರ ಹೆಸರು ಚಿರಪರಿಚಿತ. ಅವರ ಸಂಸಾರವನ್ನು ನೆನೆಯುವವರು ವಿರಳ. ೧೮೩೨ರಲ್ಲಿ ಜರ್ಮನಿಯಲ್ಲಿ ಜನಿಸಿ, ೧೮೫೩ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಕನ್ನಡನಾಡಿಗೆ ಬಂದ ಅವರು ಏಸುವಿನ ಚರಿತೆಯನ್ನು ನಮ್ಮ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ಯಾಗಿ ರಚಿಸಿದರು. ಮಡದಿ ಪೌಲೀನ್ ಅಕಾಲದಲ್ಲಿ ತೀರಿಕೊಂಡರು. ಬಳಿಕ ಆಕೆಯ ಸೋದರಿ ಜೂಲಿ ಕಿಟ್ಟೆಲರ ಕೈಹಿಡಿದು ಮನೆಯನ್ನು ಮತ್ತೆ ಬೆಳಗಿದರು. ಇಂತಹ ನೋವುಗಳ ನಡುವೆಯೂ ದಶಕಗಳ ಕಾಲ ದುಡಿದುದರ ಫಲವಾಗಿ, ಸುಮಾರು ೭೦,೦೦೦ ಪದಗಳ ಕನ್ನಡ–ಇಂಗ್ಲಿಷ್ ಕೋಶವು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ೧೯೦೩ರಲ್ಲಿ ಟ್ಯೂಬಿಂಗೆನ್ ನಗರದಲ್ಲಿ ಅವರು ನಿಧನರಾದರು. ವಾಚಕ ಬಂಧುಗಳೇ, ಪರದೇಶದ ನುಡಿಯನ್ನು ಅವರು ಮನೆಮಾತಿನಂತೆ ಪೋಷಿಸಿದರು. ನಮ್ಮ ಮನೆಮಾತನ್ನು ನಮ್ಮ ಮಕ್ಕಳ ನಾಲಗೆಯ ಮೇಲೆ ಉಳಿಸುವ ಹೊಣೆ ನಮ್ಮದಲ್ಲವೇ?